ಹತ್ತು ಮೂಟೆ ಮೇಸ್ತ್ರಿಯ ಗೋಡೆಗಳು

ಸುಂಟರಗಾಳಿ ಬಂದು ಹೋಗಲು ತೆಗೆದುಕೊಂಡದ್ದು ಏಳು ನಿಮಿಷ. ಅದು ಮಾಡಿಹೋದದ್ದನ್ನು ಅಳೆದು ಬರೆಯಲು ಇಲಾಖೆ ಕೊಟ್ಟದ್ದು ಏಳು ವಾರ, ಮತ್ತು ಒಬ್ಬ ಟೇಪಣ್ಣ.

ಟೇಪಣ್ಣ ಎಂಬುದು ತೊಟ್ಟಿಲಲ್ಲಿ ಇಟ್ಟ ಹೆಸರೇನಲ್ಲ. ಇಪ್ಪತ್ತಾರು ವರ್ಷ ಸೊಂಟಕ್ಕೆ ಅಳತೆಯ ಟೇಪು ಸಿಕ್ಕಿಸಿಕೊಂಡು ಹಳ್ಳಿ ಹಳ್ಳಿ ಸುತ್ತಿದವನನ್ನು ಜನ ಬೇರೆ ಏನೆಂದು ಕರೆದಾರು? ಗಾಳಿ ಹನ್ನೊಂದು ಹಳ್ಳಿಗಳ ಮೇಲೆ ಬಾಚಣಿಗೆ ಎಳೆದ ಹಾಗೆ ಹೋಗಿತ್ತು. ಅದು ಮಾಡಿದ ಎಷ್ಟೋ ಕೆಲಸಗಳನ್ನು ಬರೆಯಲು ಇಲಾಖೆಯ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಹಾಲಿನವನ ಮನೆ ಬಾಗಿಲು ಚೌಕಟ್ಟು ಸಮೇತ, ಹಾಕಿದ ಬೀಗ ಹಾಕಿದಂತೆಯೇ, ಎರಡು ಮೈಲಿ ಆಚೆ ಆಲೂಗಡ್ಡೆ ಹೊಲದಲ್ಲಿ ನೆಟ್ಟಗೆ ನಿಂತಿತ್ತು. ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಅವನು ಹೋಗಿ ಬೀಗ ತೆಗೆದು, ಬಾಗಿಲು ದಾಟಿ, ಆ ಕಡೆ ಬರೀ ಆಲೂಗಡ್ಡೆ ಇರುವುದನ್ನು ನೋಡಿ, ಈಚೆ ಬಂದು ಮತ್ತೆ ಬೀಗ ಹಾಕಿದ. ಯಾಕಯ್ಯಾ ಎಂದರೆ, ಕಾಲ ಸರಿಯಿಲ್ಲ ಸ್ವಾಮಿ ಎಂದ. ದರ್ಜಿಯ ಮನೆಯ ತಗಡು ಹಾರಿ ಅವನ ದಾಯಾದಿಯ ಮನೆಯ ಮೇಲೆ ಹೇಳಿ ಮಾಡಿಸಿದಂತೆ ಕೂತಿತ್ತು. ಮೇಲಿನಿಂದ ಬಂದದ್ದನ್ನು ಕೆಳಗಿನವರಿಗೆ ಕೊಡುವುದಿಲ್ಲ ಎಂದು ದಾಯಾದಿ ಕೈ ಕಟ್ಟಿ ನಿಂತಿದ್ದ. ಇಬ್ಬರ ಮನೆಯನ್ನೂ ಅಳೆದು ಟೇಪಣ್ಣ ಸುಮ್ಮನೆ ಬಂದ.

ಕೆಲಸದ ಕ್ರಮ ಸರಳ. ಪ್ರತಿ ಮನೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಅಂಕಿ ಬರೆಯಬೇಕು. ಒಂದು ಎಂದರೆ ಒಂದು ಟಾರ್ಪಾಲು ಮತ್ತು ಸಾಂತ್ವನ. ಎರಡು ಎಂದರೆ ಚಾವಣಿಗೆ ತಗಡು. ಮೂರು ಎಂದರೆ ಹೊಸ ಮನೆ. ಮೂರು ಸಿಗಬೇಕಾದರೆ ನಾಲ್ಕು ಗೋಡೆಗಳಲ್ಲಿ ಎರಡಾದರೂ ಬಿದ್ದಿರಬೇಕು, ಇಲ್ಲವೇ ಬೀಳುವಷ್ಟು ವಾಲಿರಬೇಕು. ವಾಲಿದ್ದನ್ನು ನೋಡಲು ತೂಗುಗುಂಡು ಇತ್ತು, ದಾರದ ತುದಿಗೆ ಕಟ್ಟಿದ ಕಬ್ಬಿಣದ ಗುಂಡು. ಗೋಡೆಯ ನೆತ್ತಿಯಿಂದ ಇಳಿಬಿಟ್ಟಾಗ ದಾರಕ್ಕೂ ಗೋಡೆಯ ಬುಡಕ್ಕೂ ನಡುವೆ ನಾಲ್ಕು ಬೆರಳಿಗಿಂತ ಹೆಚ್ಚು ಅಂತರ ಬಂದರೆ, ಆ ಗೋಡೆ ನಿಂತಿದ್ದರೂ ಬಿದ್ದ ಲೆಕ್ಕವೇ. ಮನುಷ್ಯರಿಗೂ ಇದೇ ನಿಯಮ ಇದ್ದಿದ್ದರೆ ಟೇಪಣ್ಣನ ಕಚೇರಿಯಲ್ಲಿ ಅರ್ಧಕ್ಕರ್ಧ ಜನ ಮೂರನೇ ಅಂಕಿಯವರು.

ಗಾಳಿ ಟೇಪಣ್ಣನ ಮನೆಗೆ ಬರಲಿಲ್ಲ. ಅಕ್ಕ ಭಾವ ಬಂದರು.

ಎರಡು ಕೋಣೆಯ ಮನೆ. ಅದರಲ್ಲಿ ಮೊದಲೇ ಟೇಪಣ್ಣ, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುವ ಅವನ ಹೆಂಡತಿ, ಪರೀಕ್ಷೆಗೆ ಓದುತ್ತಿದ್ದ ಮಗಳು, ಮತ್ತು ಯಾರು ಬಂದರೂ ಯಾರು ಹೋದರೂ ಕಿಟಕಿಯ ಪಕ್ಕದ ಮಂಚ ಬಿಟ್ಟುಕೊಡದ ಅವನ ತಾಯಿ. ಈಗ ಮಗಳ ಓದು ಮೇಜಿನ ಕೆಳಕ್ಕೆ ಇಳಿಯಿತು. ಮೇಜಿನ ಮೇಲೆ ಅಕ್ಕನ ಮನೆಯಲ್ಲಿ ಉಳಿದದ್ದೆಲ್ಲ ಕೂತಿತ್ತು: ಎರಡು ಪಾತ್ರೆ, ಒಂದು ಹೊಲಿಗೆ ಯಂತ್ರದ ಮೇಲ್ಭಾಗ, ಭಾವನ ಗಾರೆ ಬಳಿಯುವ ಕರಣಿ. ಹೆಂಡತಿ ಮೊದಲ ವಾರ ಏನೂ ಅನ್ನಲಿಲ್ಲ. ಎರಡನೇ ವಾರ, ಗಾಳಿ ಬೀಸಿದ್ದು ಅಲ್ಲಿ, ಬಿದ್ದದ್ದು ಇಲ್ಲಿ ಎಂದು ಪಾತ್ರೆಗಳ ಹತ್ತಿರ ಹೇಳಿಕೊಂಡಳು. ಪಾತ್ರೆಗಳು ಅದನ್ನು ಎಲ್ಲರಿಗೂ ಕೇಳಿಸಿದವು.

ಅಕ್ಕನ ಮನೆಯ ಚಾವಣಿ ಹೋಗಿತ್ತು, ಮುಂದಿನ ಗೋಡೆ ಬಿದ್ದಿತ್ತು. ಟೇಪಣ್ಣ ಖಾಸಗಿಯಾಗಿ ಹೋಗಿ ಎಡಗಡೆಯ ಗೋಡೆಗೆ ಗುಂಡು ಇಳಿಬಿಟ್ಟು ನೋಡಿದ. ಐದು ಬೆರಳು. ಅಲ್ಲಿಗೆ ಮೂರು ಖಂಡಿತ. ಆದರೆ ನೆಂಟರ ಮನೆಯನ್ನು ತಾನೇ ಅಳೆಯುವ ಹಾಗಿಲ್ಲ, ಬೇರೆ ಕಚೇರಿಯಿಂದ ಪರೀಕ್ಷಕಿ ಬರಬೇಕು. ಅವಳು ಬರುವತನಕ ಒಂದು ಇಟ್ಟಿಗೆಯನ್ನೂ ಮುಟ್ಟಬೇಡಿ ಎಂದು ಇಬ್ಬರಿಗೂ ಬಿಡಿಸಿ ಹೇಳಿದ. ಹೊಸ ಮನೆ ಬಂದರೆ ಎಲ್ಲರಿಗೂ ಉಸಿರು ಎಂದು ಅಕ್ಕ ಬೀದಿಯ ಮನೆಗಳಿಗೆಲ್ಲ ಹೇಳಿಕೊಂಡು ಬಂದಳು. ಉಸಿರು ಎಂಬ ಮಾತಿಗೆ ಟೇಪಣ್ಣನ ಹೆಂಡತಿ ಜೋರಾಗಿ ತಲೆಯಾಡಿಸಿದಳು. ಆ ಮನೆಯಲ್ಲಿ ಅವರಿಬ್ಬರಿಗೂ ಒಪ್ಪಿಗೆಯಾದ ಒಂದೇ ಮಾತು ಅದು.

ಭಾವ ಮೇಸ್ತ್ರಿ. ಸುತ್ತಮುತ್ತ ಅವನಿಗೆ ಹತ್ತು ಮೂಟೆ ಮೇಸ್ತ್ರಿ ಎಂದು ಹೆಸರು. ಬೇರೆಯವರು ಇಪ್ಪತ್ತು ಮೂಟೆ ಸಿಮೆಂಟು ಕೇಳುವ ಮನೆಯನ್ನು ಇವನು ಹತ್ತರಲ್ಲಿ ಎಬ್ಬಿಸುತ್ತಿದ್ದ. ಹೇಗೆ ಎಂದು ಕೇಳಿದರೆ, ಮರಳಿಗೆ ಬುದ್ಧಿ ಹೇಳಿ ಕೂರಿಸುತ್ತೇನೆ ಎನ್ನುತ್ತಿದ್ದ. ಕೈ ಕಟ್ಟಿಕೊಂಡು ಕೂತು ಅಭ್ಯಾಸವಿಲ್ಲದ ಆಳು. ಮೂರನೇ ವಾರಕ್ಕೆ ಟೇಪಣ್ಣನ ಮನೆಯ ಇಲಿಬಿಲಗಳೆಲ್ಲ ಮುಚ್ಚಿದವು, ಬಚ್ಚಲಿನ ನೀರು ಹುಟ್ಟಿದಾರಭ್ಯ ಮೊದಲ ಸಲ ಹೊರಗೆ ಹೋಯಿತು. ನಾಲ್ಕನೇ ವಾರದ ಮೊದಲ ದಿನ ಹೆಂಡತಿ ಆಸ್ಪತ್ರೆಯಿಂದ ಬಂದು ನೋಡುತ್ತಾಳೆ, ಅಡುಗೆಕಟ್ಟೆ ಒಂದು ಗೇಣು ಮೇಲಕ್ಕೆ ಬೆಳೆದಿದೆ. ಅಕ್ಕ ಎತ್ತರದವಳು. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು ಎಂದು ಬೆಳಿಗ್ಗೆ ಗಂಡನ ಹತ್ತಿರ ಅಂದಿದ್ದಳಂತೆ.

"ಅತ್ತಿಗೆ, ನನ್ನ ಮನೆ ಒಲೆ ಮೇಲೆ ಏನಿದೆ ಅಂತ ನೋಡಕ್ಕೆ ನಾನು ಏಣಿ ಹಾಕ್ಬೇಕಾ?" ಎಂದಳು ಹೆಂಡತಿ.

"ನಿನ್ನ ಅಡುಗೆಗೆ ಏಣಿ ಯಾಕೆ, ಮೂಗು ಸಾಕು," ಎಂದಳು ಅಕ್ಕ.

ಜಗಳ ಕತ್ತಲಾಗುವತನಕ ನಡೆಯಿತು. ಯಾರು ಯಾವಾಗ ಯಾರ ಮನೆಯಲ್ಲಿ ಎಷ್ಟು ದಿನ ಉಂಡರು ಎಂಬುದು ಇಪ್ಪತ್ತು ವರ್ಷ ಹಿಂದಿನಿಂದ ಎದ್ದು ಬಂತು. ಮಂಚದ ಮೇಲಿನಿಂದ ತಾಯಿ ತೀರ್ಪು ಕೊಟ್ಟಳು: "ಒಬ್ಬಳು ಬೆಳಿಗ್ಗೆ ಮಾಡ್ಲಿ, ಒಬ್ಬಳು ಸಂಜೆ ಮಾಡ್ಲಿ. ನಾನು ಎರಡು ಹೊತ್ತೂ ತಿಂತೀನಿ."

ಮೇಜಿನ ಕೆಳಗಿನಿಂದ ಮಗಳು, "ಮಾವ, ನಂಗೆ ಓದಕ್ಕೊಂದು ಕೋಣೆ ಕಟ್ಕೊಡಿ. ಎರಡು ಮೂಟೆ ಸಾಕಾ?" ಎಂದಳು.

"ಒಂದೂವರೆ," ಎಂದ ಭಾವ. ತಮಾಷೆಗೆ ಅಲ್ಲ.

ಇಷ್ಟರ ನಡುವೆ ಟೇಪಣ್ಣನಿಗೆ ಬೇರೆಯೇ ಒಂದು ಸಂಕಟ ಇತ್ತು. ದಿನವೂ ಸಂಜೆ ಅವನು ಮೈಯೆಲ್ಲ ಧೂಳಾಗಿ ಬಂದು ತಟ್ಟೆಯ ಮುಂದೆ ಕೂತರೆ ಭಾವ ತನ್ನ ತಟ್ಟೆ ಹಿಡಿದು ಎದುರಿಗೆ ಕೂರುತ್ತಿದ್ದ. ಎಷ್ಟು ಮೂರು ಬರೆದೆ, ಎಷ್ಟು ಎರಡು ಬರೆದೆ ಎಂದು ಕೇಳುತ್ತಿರಲಿಲ್ಲ. ಅವನ ಪ್ರಶ್ನೆ ಒಂದೇ.

"ಇವತ್ತು ಯಾವ ಕಡೆ?"

"ಕೆರೆ ಕೆಳಗಿನ ಬೀದಿ."

"ಅಲ್ಲಿ ನಂದು ನಾಲ್ಕಿವೆ. ಹೇಗಿವೆ?"

ಟೇಪಣ್ಣ ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸುತ್ತ, "ನಿಂತಿವೆ ಭಾವ," ಎಂದ.

ನಾಲ್ಕರಲ್ಲಿ ಮೂರು ನೆಲ ಹಿಡಿದಿದ್ದವು. ನಾಲ್ಕನೆಯದು ನಿಂತದ್ದು ಯಾಕೆಂದರೆ ಅದರ ಮೇಲೆ ಬೀಳಬೇಕಿದ್ದ ಮರ ಅಡ್ಡ ಬಿದ್ದು, ಬೀಳಬೇಕಿದ್ದ ಗೋಡೆಯನ್ನು ಹಿಡಿದುಕೊಂಡಿತ್ತು. ಆದರೆ ಭಾವ ಕೇಳಿದ ಆ ಮೊದಲ ದಿನ ಅವನ ಮುಖ ನೋಡಿ ಟೇಪಣ್ಣನಿಗೆ ನಿಜ ಹೇಳಲಾಗಲಿಲ್ಲ. ಒಂದು ಸುಳ್ಳು ಹೇಳಿದ ಮೇಲೆ ಮರುದಿನದ ಬೀದಿಗೂ ಅದನ್ನೇ ಹೇಳಬೇಕಾಯಿತು. ಹೀಗೆ ಭಾವ ಕಟ್ಟಿದ ನಲವತ್ತೊಂದು ಮನೆಗಳೂ ಟೇಪಣ್ಣನ ಊಟದ ತಟ್ಟೆಯ ಮುಂದೆ ಒಂದೊಂದಾಗಿ ಎದ್ದು ನಿಂತವು. ಹೊರಗೆ ಇಪ್ಪತ್ತೊಂಬತ್ತು ಬಿದ್ದಿದ್ದವು. ಭಾವ ಆ ಬೀದಿಗಳ ಕಡೆ ಕಾಲಿಟ್ಟಿರಲಿಲ್ಲ, ಈ ಸುಳ್ಳು ಗೊತ್ತಿದ್ದದ್ದು ಟೇಪಣ್ಣನ ಹೆಂಡತಿಗೆ ಮಾತ್ರ.

ಪರೀಕ್ಷಕಿ ನಾಲ್ಕನೇ ವಾರದ ಕೊನೆಯಲ್ಲಿ ಬಂದಳು. ಚಿಕ್ಕ ವಯಸ್ಸು, ದೊಡ್ಡ ಬೂಟು, ಒಂದೇ ದಿನ ನಲವತ್ತು ಮನೆ ಮುಗಿಸುವ ಆಜ್ಞೆ. ಟೇಪಣ್ಣ ಅಂದು ಬೇರೆ ಹಳ್ಳಿಯಲ್ಲಿದ್ದ. ಸಂಜೆ ಬರುವ ದಾರಿಯಲ್ಲಿ ಅಕ್ಕನ ಮನೆಯ ಹತ್ತಿರ ಇಳಿದು ನೋಡಿದ. ಎಡಗಡೆಯ ಗೋಡೆ ಸಿಪಾಯಿಯಂತೆ ನೆಟ್ಟಗೆ ನಿಂತಿತ್ತು. ಮೈಗೆ ಸುಣ್ಣ ಬೇರೆ. ಅದರ ಮೇಲೆ ಕೆಂಪಗೆ, ಎರಡು.

ಆದದ್ದು ಇಷ್ಟು. ಹಿಂದಿನ ಎರಡು ದಿನ ಭಾವ ಕ್ಷೌರದ ಅಂಗಡಿಯಲ್ಲಿ ಕೂತು ಬರುತ್ತೇನೆಂದು ಹೋದವನು ಕ್ಷೌರದ ಅಂಗಡಿಗೆ ಹೋಗಿರಲಿಲ್ಲ. ಲಾರಿಯವನ ಹತ್ತಿರ ಜಾಕಿ ತಂದು, ಹೊರಗಿನಿಂದ ಎರಡು ಮರದ ಕಂಬ ಆನಿಸಿ, ಗೋಡೆಯನ್ನು ಬೆರಳು ಬೆರಳಾಗಿ ಎಬ್ಬಿಸಿ, ಬುಡದ ಬಿರುಕಿಗೆ ಸಿಮೆಂಟಿನ ನೀರು ಕುಡಿಸಿ, ಸುಣ್ಣ ಬಳಿದಿದ್ದ. ಪರೀಕ್ಷಕಿ ದಾರ ಇಳಿಬಿಟ್ಟಳು, ಕೂದಲೆಳೆಯ ಅಂತರವೂ ಇರಲಿಲ್ಲ. ಪಕ್ಕದಲ್ಲಿದ್ದ ಕಂಬಗಳನ್ನು ಕಂಡು, ಇದೇನು ಎಂದಳು. ಬಟ್ಟೆ ಒಣಗಿಸಲು ಎಂದನಂತೆ ಭಾವ. ಬೀದಿಯವರು ಮೇಸ್ತ್ರಿಯ ಗೋಡೆ ಅಂದ್ರೆ ಗೋಡೆ ಎಂದರಂತೆ. ಅವಳು ಮುಂದಿನ ಮನೆಗೆ ಓಡಿದಳು.

ಆ ಸಂಜೆ ಅಡುಗೆ ಮಾಡುವ ಸರದಿ ಯಾರದ್ದು ಎಂದು ಯಾರಿಗೂ ನೆನಪಾಗಲಿಲ್ಲ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಅವಳು ಕೂಗಾಡುವ ಹೆಂಗಸು. ಅಂದು ದನಿ ಎತ್ತಲಿಲ್ಲ, ಅದಕ್ಕೇ ಎಲ್ಲರಿಗೂ ಹೆದರಿಕೆಯಾಯಿತು.

"ಯಾಕೆ ಮುಟ್ಟಿದ್ರಿ?"

"ಅವಳು ಬರೋದು, ಅವಳ ಹಿಂದೆ ಬೀದಿಗೆ ಬೀದಿ ಬರೋದು," ಎಂದ ಭಾವ. "ನನ್ನ ಗೋಡೆಗೆ ದಾರ ಬಿಟ್ಟು ಐದು ಬೆರಳು ಅಂತ ಕೂಗೋದು. ಮೇಸ್ತ್ರಿಯಾಗಿ ನಾನು ನಿಂತ್ಕೊಂಡು ಕೇಳ್ಬೇಕಾಗಿತ್ತಾ?"

"ಕೇಳಿದ್ರೆ ಕಿವಿ ಉದುರಿ ಹೋಗ್ತಿತ್ತಾ? ಮನೆ ಬರ್ತಿತ್ತು."

ಹದಿನೈದು ದಿನದೊಳಗೆ ಮೇಲ್ಮನವಿ ಕೊಡಬಹುದು ಎಂದು ಟೇಪಣ್ಣ ಹೇಳಿದ. ಆದರೆ ಗೋಡೆಗೆ ಬಲವಿಲ್ಲ, ಆಸರೆ ಕೊಟ್ಟು ನಿಲ್ಲಿಸಿದೆ ಎಂದು ಮನೆಯ ಯಜಮಾನ ತಾನೇ ಬರೆದು ರುಜು ಹಾಕಬೇಕು. ಭಾವ ಎದ್ದು ನಿಂತ.

"ಸುತ್ತಮುತ್ತ ನಾನು ಕಟ್ಟಿದ್ದು ನಲವತ್ತೊಂದು. ಅಷ್ಟೂ ನಿಂತಿವೆ. ಬೇಕಾದ್ರೆ ನಿನ್ನ ತಮ್ಮನ್ನೇ ಕೇಳು. ಜನದ್ದೆಲ್ಲ ನಿಂತು, ನನ್ನ ಸ್ವಂತದ್ದಕ್ಕೇ ಬಲ ಇಲ್ಲ ಅಂತ ನಾನೇ ರುಜು ಹಾಕ್ಲಾ?"

ಎಲ್ಲರೂ ಟೇಪಣ್ಣನ ಕಡೆ ನೋಡಿದರು. ಟೇಪಣ್ಣ ಅಳತೆಯ ಟೇಪನ್ನು ಎಳೆದು ಬಿಟ್ಟ, ಎಳೆದು ಬಿಟ್ಟ. ಅದು ಚಟಕ್ ಚಟಕ್ ಎಂದು ಒಳಗೆ ಹೋಗುತ್ತಿತ್ತು. 

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಹೆಂಡತಿ ಅವನನ್ನು ಹಿಡಿದಳು. ತಗಡು ಮುಂದಿನ ವಾರ ಬರುತ್ತದೆ, ಹಾಕಿಕೊಂಡು ಅವರು ಹೋಗುತ್ತಾರೆ, ಅಲ್ಲವೇ ಎಂದು ಕೇಳಿದಳು. ಹೌದು ಎಂದ. ಹಾಗಾದರೆ ಇನ್ನೊಂದು ವಾರದಲ್ಲಿ ನನ್ನ ಮನೆ ನನಗೆ ಎಂದಳು. ಹೌದು ಎಂದ. ಕೊಡ ತುಂಬಿ ಹರಿಯುತ್ತಿತ್ತು, ಅವಳು ನಲ್ಲಿ ನಿಲ್ಲಿಸಲಿಲ್ಲ.

"ಆ ಗೋಡೆ ಪಕ್ಕ ಮಲಗೋದು ನಿಮ್ಮಕ್ಕ," ಎಂದಳು. "ಅವರು ಹೋಗ್ಲಿ ಅಂತ ದಿನಾ ಎಣಿಸ್ತಿರೋಳು ನಾನೇ. ಆದ್ರೆ ಹೀಗಲ್ಲ. ನೀವು ಹೇಳ್ತೀರೋ, ನಾನೇ ಹೇಳ್ಲೋ?"

ಟೇಪಣ್ಣ ಹೇಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವನು ಯಾರಿಗೂ ಏನನ್ನೂ ಬಾಯಲ್ಲಿ ಹೇಳಿದವನಲ್ಲ, ಅಳೆದು ತೋರಿಸಿದವನು. ಟೇಪಿನ ಇನ್ನೊಂದು ತುದಿ ಹಿಡಿಯಲು ಜನ ಇಲ್ಲ, ಬರುತ್ತೀರಾ ಭಾವ ಎಂದು ಕೇಳಿದ. ಭಾವ ತೊಳೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಹೊರಟ. ತನ್ನ ಮನೆಗಳನ್ನು ನೋಡಲು ಹೋಗುತ್ತಿದ್ದನಲ್ಲ.

ಕೆರೆ ಕೆಳಗಿನ ಬೀದಿಯಲ್ಲಿ ಮೊದಲ ಮನೆಯ ಜಾಗದಲ್ಲಿ ಒಂದು ರಾಶಿ ಇತ್ತು. ಎರಡನೆಯದರಲ್ಲಿ ಇನ್ನೂ ದೊಡ್ಡ ರಾಶಿ.  ಮೂರನೆಯ ರಾಶಿಯ ಹತ್ತಿರ ಭಾವ ಕುಕ್ಕರುಗಾಲಲ್ಲಿ ಕೂತು ಇಟ್ಟಿಗೆಗಂಟಿದ ಗಾರೆಯ ಒಂದು ಉಂಡೆ ತೆಗೆದ. ಎರಡು ಬೆರಳಲ್ಲಿ ಒತ್ತಿದ. ಅದು ಮರಳಾಗಿ ಬೆರಳ ಸಂದಿಯಿಂದ ಇಳಿದು ಹೋಯಿತು. ಇನ್ನೊಂದು ತೆಗೆದ. ಅದೂ ಹಾಗೆಯೇ. ಬುದ್ಧಿ ಹೇಳಿ ಕೂರಿಸಿದ ಮರಳು ಎದ್ದು ಹೋಗುವಾಗ ಒಂದು ಮಾತೂ ಹೇಳಿ ಹೋಗಿರಲಿಲ್ಲ.

ಜನ ಅವನನ್ನು ಬೈಯಲಿಲ್ಲ. ಬಾ ಮೇಸ್ತ್ರಿ ಎಂದರು, ಕೂರಲು ಇಟ್ಟಿಗೆ ಸರಿಸಿಕೊಟ್ಟರು, ಡಬ್ಬದ ಮುಚ್ಚಳದಲ್ಲಿ ಚಹಾ ಕೊಟ್ಟರು. ಬೈದಿದ್ದರೆ ಅವನಿಗೆ ತಿರುಗಿ ಬೈಯಲು ಒಂದು ದಾರಿ ಇರುತ್ತಿತ್ತು. ಮೊಟ್ಟೆ ಮಾರುವ ಮುದುಕಿಯೊಬ್ಬಳ ಗಂಡನ ಕಾಲು ಗೋಡೆಯ ಕೆಳಗೆ ಸಿಕ್ಕಿ ಮುರಿದಿತ್ತು. ಅವಳು ಬುಟ್ಟಿ ಕೆಳಗಿಟ್ಟು ಭಾವನ ಎದುರಿಗೆ ಬಂದಳು.

"ಹತ್ತೇ ಮೂಟೆಯಲ್ಲಿ ಆಗ್ಬೇಕು ಅಂತ ಹಠ ಹಿಡಿದಿದ್ದು ನಾವೇ ಕಣಪ್ಪ. ನೀನು ಆಗಲ್ಲ ಅನ್ನಬಹುದಿತ್ತು."

ಅಂದು ಹದಿಮೂರು ಮನೆ ನೋಡಿದರು. ಬಸ್ಸಿಗೆ ಕಾಯುವಾಗ ಭಾವ ಕೇಳಿದ, "ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಊಟ ಮಾಡ್ತಿದ್ರಿ," ಎಂದ ಟೇಪಣ್ಣ.

ಮನೆಗೆ ಬಂದು ಭಾವ ಕೈಕಾಲು ತೊಳೆಯದೆ ಮೇಜಿನ ಮುಂದೆ ಬಗ್ಗಿದ. ಕೆಳಗೆ ಓದುತ್ತಿದ್ದ ಟೇಪಣ್ಣನ ಮಗಳಿಗೆ, ನಿನ್ನ ಅಕ್ಷರ ಚೆನ್ನಾಗಿದೆ, ಒಂದು ಕಾಗದ ಬರೆದುಕೊಡು ಎಂದ. ಅವನು ಹೇಳಿದ, ಅವಳು ಬರೆದಳು. ಎರಡೇ ಸಾಲಿನ ಕಾಗದ. ಅದಕ್ಕೆ ಅರ್ಧ ಗಂಟೆ ಹಿಡಿಯಿತು. ಬಲವಿಲ್ಲ ಎನ್ನುವ ಪದ ಬಂದಾಗ ಅವನು ಹೊರಗೆ ಹೋಗಿ ನೀರು ಕುಡಿದು ಬಂದ.

ಪರೀಕ್ಷಕಿ ಮತ್ತೆ ಬರಲು ಒಂಬತ್ತು ದಿನ ಆಯಿತು. ಆ ದಿನಗಳಲ್ಲಿ ಅಕ್ಕ ಗಂಡನಿಗೆ ಊಟ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. ಮೇಲ್ಮನವಿಯ ದಿನ ಟೇಪಣ್ಣ ರಜೆ ಹಾಕಿದ, ಹೆಂಡತಿಯೂ ಹಾಕಿದಳು. ಮಗಳನ್ನು ಓದಲು ಬಿಟ್ಟು ಬಂದರು. ಕಿಟಕಿಯ ಮಂಚದ ಕಾವಲಿಗೆ ಅಜ್ಜಿ ಉಳಿದಳು. ಬೀದಿಯವರಂತೂ ರಜೆಯಲ್ಲೇ ಇದ್ದರು, ಕೆಲಸ ಮಾಡಲು ಯಾರಿಗೂ ಏನೂ ಉಳಿದಿರಲಿಲ್ಲ.

ಪರೀಕ್ಷಕಿ ಕಾಗದ ಓದಿದಳು. ಗೋಡೆಗೆ ದಾರ ಇಳಿಬಿಟ್ಟಳು. ದಾರ ಗೋಡೆಯ ಮೈಗೆ ಅಂಟಿ ನಿಂತಿತು. ಬೇಸತ್ತ ದನಿಯಲ್ಲಿ, ಗೋಡೆ ನೆಟ್ಟಗಿದೆಯಲ್ಲ ಅಂದಳು, ಈ ವಾರ ಇಂಥ ಕಾಗದ ಅರವತ್ತು ಬಂದಿವೆ, ಎಲ್ಲರಿಗೂ ಮೂರು ಬೇಕು, ನಾನು ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬಹುದು ಅಂದಳು. ಟೇಪಣ್ಣ ಬಾಯಿ ತೆರೆದ. ನೆಂಟರು ಮಾತಾಡುವಂತಿಲ್ಲ ಎಂದು ಅವಳು ಅವನನ್ನು ಕೂರಿಸಿದಳು.

ಭಾವ ಜನರನ್ನು ಹಿಂದಕ್ಕೆ ಸರಿಯಲು ಹೇಳಿದ. ಹೊರಗಿನ ಎರಡು ಕಂಬಗಳನ್ನು ಒಂದೊಂದಾಗಿ ಕಿತ್ತು ಪಕ್ಕಕ್ಕಿಟ್ಟ. ಸುತ್ತಿ ಬಂದು ಒಳಗಿನಿಂದ ಗೋಡೆಯ ಎದೆಯ ಮೇಲೆ ಬಲಗೈ ಅಂಗೈ ಇಟ್ಟು ತಳ್ಳಿದ. ಬಾಗಿಲು ತಳ್ಳಿದಷ್ಟೇ. ಗೋಡೆ ಒಂದು ಕ್ಷಣ ಯೋಚಿಸಿತು. ಆಮೇಲೆ ಆಚೆ ಕಡೆಗೆ ಉದ್ದಕ್ಕೆ ಮಲಗಿತು. ಧೂಳು ಇಳಿಯುವತನಕ ಯಾರಿಗೂ ಯಾರೂ ಕಾಣಲಿಲ್ಲ.

"ಬಟ್ಟೆ ಒಣಗಿಸೋ ಕಂಬ ಅಲ್ಲ ತಾಯಿ ಅವು," ಎಂದ ಭಾವ. "ಗೋಡೆಗೆ ಬಲ ಇರ್ಲಿಲ್ಲ. ನಾನು ಕಟ್ಟಿದ್ದೇ ಹಂಗೆ. ಬೇರೆಯವರದ್ದೂ ಹಂಗೇ ಕಟ್ಟಿದ್ದೆ."

 ಪರೀಕ್ಷಕಿ ಬೂಟಿನ ಮೇಲಿನ ಧೂಳು ಕೊಡವಿ, ನಮೂನೆಯಲ್ಲಿ ಒಂದು ಅಂಕಿ ಹೊಡೆದು ಇನ್ನೊಂದು ಬರೆದಳು. ಹೊಸ ಮನೆ ಕಟ್ಟುವವರು ಗುತ್ತಿಗೆಯವರು, ಸರದಿ ಬರಲು ಎಂಟು ತಿಂಗಳಾದರೂ ಬೇಕು, ಇರುವ ಗೋಡೆಗಳನ್ನೂ ಅವರೇ ಬಂದು ಒಡೆಯುತ್ತಾರೆ ಎಂದಳು. ಎಂಟು ತಿಂಗಳು ಎನ್ನುವುದು ಕಿವಿಗೆ ಬಿದ್ದದ್ದೇ ಟೇಪಣ್ಣನ ಹೆಂಡತಿ ಹತ್ತಿರದ ಇಟ್ಟಿಗೆ ರಾಶಿಯ ಮೇಲೆ ಕೂತಳು. ಅಕ್ಕ ಹೋಗಿ ಅವಳ ಪಕ್ಕದಲ್ಲೇ ಕೂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಆದರೆ ಕೂರಲು ಜಾಗ ಮಾಡಿಕೊಂಡರು.

ಮೇಲ್ಮನವಿಯಲ್ಲಿ ನಾಲ್ಕು ಗೋಡೆಗಳ ಅಳತೆಯನ್ನೂ ಬರೆಯಬೇಕು. ಬಲಗಡೆಯದು ಮೂರು ಬೆರಳು ಬಂತು. ಹಿಂದಿನ ಗೋಡೆಗೆ ಗುಂಡು ಇಳಿಬಿಟ್ಟರೆ ಅಂತರವೇ ಇಲ್ಲ, ಪರೀಕ್ಷಕಿ ಎರಡನೇ ಸಲ ಇಳಿಬಿಟ್ಟು ನೋಡಿದಳು. ಗೋಡೆಯನ್ನು ಬೆರಳ ಗಂಟಿನಿಂದ ತಟ್ಟಿದಳು, ಆಮೇಲೆ ಬೂಟಿನಿಂದ ಒದ್ದಳು. ಬೂಟು ನೊಂದಿತು.

ಇದನ್ನು ಇಷ್ಟು ಚೆನ್ನಾಗಿ ಕಟ್ಟಿ ಉಳಿದದ್ದನ್ನು ಯಾಕೆ ಹಾಗೆ ಕಟ್ಟಿದಿರಿ ಎಂದು ಅವಳು ಭಾವನನ್ನು ಕೇಳಿದಳು. ಭಾವ ತಲೆ ತಗ್ಗಿಸಿ ಗಾರೆಯ ಚೂರೊಂದನ್ನು ಕಾಲಲ್ಲಿ ಉರುಳಿಸುತ್ತಿದ್ದ. ಆಮೇಲೆ ಬೀದಿಯವರೆಲ್ಲ ಕೇಳುವಂತೆ ಹೇಳಿದ.

"ಅದು ನಾನು ಕಟ್ಟಿದ್ದಲ್ಲ. ಇವಳು ಕಟ್ಟಿದ್ದು."

ಆ ಮನೆ ಕಟ್ಟಿದ ಇಪ್ಪತ್ತೆರಡು ವರ್ಷದಲ್ಲಿ ಈ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ, ಟೇಪಣ್ಣನ ಕಿವಿಗೂ. ಎಲ್ಲರೂ ಅಕ್ಕನ ಕಡೆ ತಿರುಗಿದರು. ಅವಳು ಕೂತಲ್ಲಿಂದ ಏಳಲಿಲ್ಲ.

"ಇವರಿಗೆ ಹದಿನೈದು ದಿನ ಜ್ವರ," ಎಂದಳು. "ಮಲಗಿದ್ದಲ್ಲಿಂದಲೇ ಇವರು ಹೇಳೋದು, ನಾನು ಕಲಸೋದು, ಕಟ್ಟೋದು. ಮರಳು ಐದು ಬುಟ್ಟಿ, ಸಿಮೆಂಟು ಒಂದು ಅಂದ್ರು. ಹಾಗೇ ಹಾಕ್ದೆ. ಜ್ವರ ಇಳಿದ ಮೇಲೆ ಇವರೇ ಎದ್ದು ಬಂದು ಹತ್ತಕ್ಕೆ ಒಂದು ಹಾಕೋಕೆ ಶುರು ಮಾಡಿದ್ರು. ಹಾಗಲ್ವಲ್ಲ ಅಂದೆ. ನಿಂಗೇನು ಗೊತ್ತು ಅಂದ್ರು."

ಮೊದಲು ನಕ್ಕವಳು ಟೇಪಣ್ಣನ ಹೆಂಡತಿ. ಐದು ವಾರದಲ್ಲಿ ಅವಳು ನಕ್ಕದ್ದನ್ನು ಅವನು ಕಂಡಿರಲಿಲ್ಲ. ಭಾವ ನಗಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಹಿಂದಿನ ಗೋಡೆಯ ಹತ್ತಿರ ಹೋಗಿ ಇಟ್ಟಿಗೆಗಳ ಸಂದಿಯ ಗಾರೆಗೆ ಉಗುರು ಹಾಕಿ ಕೆರೆದು ನೋಡಿದ. ಒಂದು ಕಾಳೂ ಉದುರಲಿಲ್ಲ.

ಪರೀಕ್ಷಕಿ ಬಣ್ಣದ ಡಬ್ಬ ತೆಗೆದಳು. ಅಂಕಿ ಬರೆಯಲು ನಂಬಿಕೆಯ ಗೋಡೆ ಬೇರೆ ಉಳಿದಿರಲಿಲ್ಲ. ಆ ಗೋಡೆಯ ಮೇಲೆಯೇ ದೊಡ್ಡದಾಗಿ ಮೂರು ಬರೆದು ಕುಂಚ ಒರೆಸಿಕೊಂಡಳು. ಅಕ್ಕ ಎದ್ದು ಬಂದು, ಒದ್ದೆ ಬಣ್ಣಕ್ಕೆ ತಾಗದ ಹಾಗೆ ಪಕ್ಕದಲ್ಲಿ ನಿಂತು ಗೋಡೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ಒಡೆಯೋರಿಗೆ ಹೇಳಿಬಿಡಮ್ಮ," ಎಂದಳು. "ಇದಕ್ಕೆ ದೊಡ್ಡ ಸುತ್ತಿಗೆ ತರ್ಬೇಕು."